ಒದೆಯದ ಚೆಂಡು

ಅಮೆರಿಕದ ಕಾಲೇಜುಗಳವರು ಆಡುವ ಫುಟ್‌ಬಾಲ್ ಪಂದ್ಯದಲ್ಲಿ ಪ್ರೇಕ್ಷಕರು ನಿಶ್ಚಿಂತೆಯಿಂದ ಎದ್ದು ತಿಂಡಿ ಕೊಳ್ಳಲು ಹೊರಡುವ ಗಳಿಗೆಯೊಂದುಂಟು. ಚೆಂಡು ಹಿಡಿದ ಪಕ್ಷಕ್ಕೆ ಹತ್ತು ಗಜ ಮುಂದೊತ್ತಲು ನಾಲ್ಕು ಸರದಿಗಳು. ಮೂರರಲ್ಲಿ ಅದು ಕೈಗೂಡದಿದ್ದರೆ, ನಾಲ್ಕನೆಯದರಲ್ಲಿ ಚೆಂಡನ್ನು ಆದಷ್ಟು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿಬಿಡುವುದು ವಾಡಿಕೆ. ಒದೆಯದೆ ಮತ್ತೊಮ್ಮೆ ಪ್ರಯತ್ನಿಸಿ ಸೋತರೆ ಚೆಂಡು ನಿಂತಲ್ಲಿಯೇ ವೈರಿಯ ಕೈ ಸೇರುವುದು. ಹೇಗೂ ಕೊಡಲೇಬೇಕಾದುದನ್ನು ದೂರದಲ್ಲಿ ಕೊಡುವುದು ಲೇಸು. ಈ ಒದೆತಕ್ಕೆ ಪಂಟ್ ಎಂದು ಹೆಸರು. ಆಟದ ಬಿಸಿಯೆಲ್ಲ ಆರಿ, ಲೆಕ್ಕ ಚುಕ್ತಾ ಮಾಡುವ ವ್ಯವಹಾರದಂತೆ ಅದು ಕಾಣುವುದು. ಮೋಸವು ಕಾದಿರುವುದು ಆ ಗಳಿಗೆಗಾಗಿಯೇ.

ಇದು ನಮ್ಮವರು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ಎರಡು ತುದಿಗಳಲ್ಲಿ ಮೊನಚಾಗಿರುತ್ತದೆ; ಬಹುಮಟ್ಟಿಗೆ ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಇಲ್ಲವೆ ಕೈಯಿಂದ ಎಸೆಯುತ್ತಾರೆ. ಪಕ್ಷಕ್ಕೆ ಹನ್ನೊಂದು ಮಂದಿ. ಪಂಟ್ ಮಾಡುವಾಗ ಸಾಲಿನ ನಡುವಿನವನು ಬಗ್ಗಿ, ಕಾಲುಗಳ ಸಂದಿನಿಂದ ಚೆಂಡನ್ನು ಹಿಂದಕ್ಕೆ ಬೀಸುತ್ತಾನೆ. ಸುಮಾರು ಹದಿನಾಲ್ಕು ಹದಿನೈದು ಗಜ ಹಿಂದೆ ಒದೆಯುವವನು ನಿಂತಿರುತ್ತಾನೆ. ಅವನ ಮುಂದೆ ಮೂವರು ದಾಂಡಿಗರು ಗೋಡೆಯಂತೆ ನಿಲ್ಲುವುದು ಇತ್ತೀಚಿನ ಕಾಲೇಜು ಪಕ್ಷಗಳಲ್ಲಿ ಸಾಮಾನ್ಯ. ಎದುರು ಪಕ್ಷದವರಿಗೆ ಆಗ ಎರಡು ಆಸೆಗಳು. ನುಗ್ಗಿ ಒದೆತವನ್ನೇ ತಡೆಯಬೇಕೆಂಬುದು ಒಂದು. ಹಿಂದಿರುಗಿ ಓಡಿ, ದೂರದಲ್ಲಿ ಚೆಂಡಿಗಾಗಿ ಕಾದಿರುವ ತಮ್ಮವನಿಗೆ ದಾರಿ ಬಿಡಿಸಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ಕುರುಡು ವೇಗ ಬೇಕು, ಎರಡನೆಯದಕ್ಕೆ ಚೆಂಡಿಗೆ ಬೆನ್ನು ತಿರುಗಿಸಬೇಕು. ಕಪಟಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಇನ್ನೇನು ಬೇಕು?

ಚೆಂಡು ಒದೆಯುವವನಿಗೆ ಹೋಗದೆ ಗೋಡೆಯ ಮೂವರಲ್ಲಿ ಒಬ್ಬನ ಕೈಗೆ ನೇರವಾಗಿ ಬರಬಹುದು. ಅವನು ತಲೆ ಬಗ್ಗಿಸಿ ಓಡುತ್ತಾನೆ. ಒದೆಯುವವನೇ ಚೆಂಡನ್ನು ಹಿಡಿದು ಪಕ್ಕಕ್ಕೆ ಓಡಬಹುದು. ಇಲ್ಲವೆ, ಯಾರೂ ಲೆಕ್ಕಕ್ಕೆ ಹಿಡಿಯದ ಒಬ್ಬನಿಗೆ ಎಸೆಯಬಹುದು. ಹುಸಿ ಪಂಟ್ ಎಂಬುದು ಇಷ್ಟೆ.

ಇಂಥ ಉಪಾಯಗಳು ಆ ಆಟದಷ್ಟೇ ಹಳೆಯವು. 1903ರಲ್ಲಿ ಕಾರ್ಲೈಲ್ ಎಂಬಲ್ಲಿದ್ದ, ಅಮೆರಿಕದ ಮೂಲನಿವಾಸಿಗಳ ಮಕ್ಕಳ ಶಾಲೆಯವರು ಹಾರ್ವರ್ಡಿನೊಡನೆ ಆಡಿದಾಗ, ತಮ್ಮತ್ತ ಒದೆದು ಬಂದ ಚೆಂಡನ್ನು ಹಿಡಿದವರೇ ಗುಂಪುಗೂಡಿ, ಅದನ್ನು ತಮ್ಮವನೊಬ್ಬನ ಅಂಗಿಯೊಳಗೆ ಬೆನ್ನಿಗೆ ಸೇರಿಸಿಬಿಟ್ಟರು. ಹಾರ್ವರ್ಡಿನವರು ಯಾರ ಕೈಯಲ್ಲಿ ಚೆಂಡಿದೆಯೆಂದು ಒಬ್ಬೊಬ್ಬರನ್ನೇ ಹುಡುಕುತ್ತಿರಲು ಗೂನುಬೆನ್ನಿನ ಆ ಹುಡುಗ ಗೆರೆ ದಾಟಿದ್ದ. ಪಂದ್ಯವನ್ನು 12-11ರಿಂದ ಹಾರ್ವರ್ಡ್ ಗೆದ್ದಿತು. ಆದರೂ ಜನ ಇಂದಿಗೂ ನೆನೆಯುವುದು ಆ ಬೆನ್ನನ್ನು. ಚೆಂಡನ್ನು ಬಟ್ಟೆಯೊಳಗೆ ಅಡಗಿಸುವುದನ್ನು ಈಗಿನ ನಿಯಮಗಳು ನಿಷೇಧಿಸಿವೆ. ಹುಸಿ ಪಂಟನ್ನು ನಿಷೇಧಿಸಿಲ್ಲ, ನಿಷೇಧಿಸಬೇಕಾದುದೂ ಇಲ್ಲ. ಅಲ್ಲಿ ಚೆಂಡು ಎಲ್ಲರ ಕಣ್ಣೆದುರಿಗೇ ಇರುತ್ತದೆ, ಮರೆಯಾಗಿರುವುದು ಉದ್ದೇಶವೊಂದೇ.

ಹಾಗಾದರೆ ಕಾಯುವ ಬಗೆ ಹೇಗೆ? ಜಾಣತನಕ್ಕೆ ಜಾಣತನವನ್ನೇ ಎದುರಿಡಬೇಕೆಂದು ಹೊರಗಿನವನು ಊಹಿಸಬಹುದು. ನಿಜವಾದ ಉಪಾಯ ಬಲು ನೀರಸವಾದದ್ದು. ಸಾಲಿನ ಎರಡು ತುದಿಗಳಲ್ಲಿ ನಿಂತವರು ಒಳಕ್ಕೆ ನುಗ್ಗತಕ್ಕದ್ದಲ್ಲ. ಚೆಂಡು ಕಾಲನ್ನು ಬಿಟ್ಟು ಮೇಲೇರಿದುದನ್ನು ಕಣ್ಣಾರೆ ಕಾಣುವವರೆಗೆ ತಮ್ಮ ತುದಿಯನ್ನು ಕಾದಿರಬೇಕು. ಗೋಡೆಯ ಮೂವರ ಮೇಲೆ ಒಬ್ಬನ ದೃಷ್ಟಿ ನೆಟ್ಟಿರಬೇಕು. ಎದುರಿಗೆ ಬಂದವರಲ್ಲಿ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಯಾರಾರಿಗಿದೆಯೆಂದು ಎಣಿಸಿಕೊಳ್ಳಬೇಕು. ಅಂಗಿಯ ಮೇಲೆ 50ರಿಂದ 79ರವರೆಗಿನ ಅಂಕಿಯುಳ್ಳವನಿಗೆ ಆ ಹಕ್ಕಿಲ್ಲ. ಎಣಿಕೆ ತಪ್ಪಿದವನು ಕಾವಲಿದ್ದೂ ಇಲ್ಲದಂತೆಯೇ.

ಕಾಲೇಜಿನ ಆಟದಲ್ಲಿ ಇನ್ನೊಂದು ಗುರುತು ಸಿಕ್ಕುವುದುಂಟು. ಹಣಕ್ಕಾಗಿ ಆಡುವವರ ಪಂದ್ಯದಲ್ಲಿ ಒದೆತ ಮುಗಿಯುವ ತನಕ ಸಾಲಿನ ತುದಿಯಲ್ಲಿರುವ ಇಬ್ಬರ ಹೊರತು ಬೇರೆಯವರು ಮುಂದಕ್ಕೆ ಓಡುವಂತಿಲ್ಲ. ಕಾಲೇಜಿನವರಿಗೆ ಆ ಕಟ್ಟಿಲ್ಲ. ಚೆಂಡು ಚಲಿಸಿದೊಡನೆ ಎಲ್ಲರೂ ಓಡಬಹುದು, ಓಡುತ್ತಾರೆ. ಆದರೆ ಚೆಂಡನ್ನು ಎಸೆಯುವ ಯೋಚನೆಯಿದ್ದರೆ, ಹಿಡಿಯುವ ಹಕ್ಕಿಲ್ಲದವರು ಮೂರು ಗಜಕ್ಕಿಂತ ಮುಂದೆ ಹೋಗುವುದು ತಪ್ಪಾಗುತ್ತದೆ. ಆದ್ದರಿಂದ, ಎಂದಿನಂತೆ ಓಡಬೇಕಾದವರು ನಿಂತಲ್ಲಿಯೇ ತಡೆದು ನಿಂತರೆ ಒಳಗೇನೋ ನಡೆದಿದೆಯೆಂದು ತಿಳಿಯಬೇಕು. ದಿನವೂ ಕೂಗುವ ಕಾಗೆ ಕೂಗದಿದ್ದಾಗ ಮನೆಯಾಕೆ ತಲೆಯೆತ್ತಿ ನೋಡುವುದಿಲ್ಲವೆ?

ಗುರುತು ತಿಳಿದಿದ್ದರೂ ಬುದ್ಧಿಯ ವಾಡಿಕೆ ಅಡ್ಡ ಬರುತ್ತದೆ. 2015ರ ಡಿಸೆಂಬರ್ 5ರಂದು ಕ್ಲೆಮ್ಸನ್ ವಿಶ್ವವಿದ್ಯಾನಿಲಯದ ಪಂಟ್ ಆಟಗಾರ ಟೀಸ್‌ಡಾಲ್, ಅಪ್ಪಣೆಯಿಲ್ಲದೆ ತಾನೇ ಹುಸಿ ಪಂಟಿಗೆ ಕೈಹಾಕಿ ವಿಫಲನಾದ. ಕೋಚ್ ಡಾಬೋ ಸ್ವಿನಿಯವರು ದೇಶವೆಲ್ಲ ನೋಡುತ್ತಿದ್ದಂತೆಯೇ ಅವನ ಮೇಲೆ ಕೆಂಡ ಕಾರಿದರು. ಅದೇ ತಿಂಗಳ 31ರಂದು, ಆರೆಂಜ್ ಬೌಲ್ ಪಂದ್ಯದಲ್ಲಿ, ಅದೇ ಕೋಚ್ ಅದೇ ಹುಡುಗನಿಗೆ ಹುಸಿ ಪಂಟಿನ ಅಪ್ಪಣೆ ಕೊಟ್ಟರು. ಅಂಥ ಬೈಗುಳ ತಿಂದವನು ಮತ್ತೆ ಆ ಸಾಹಸಕ್ಕೆ ಇಳಿದಾನೆಂದು ಯಾರು ಎಣಿಸಬೇಕು! ಅವನು ಎಸೆದದ್ದಾದರೂ ಯಾರಿಗೆ? ಗೋಡೆಯಲ್ಲಿ ನಿಂತಿದ್ದ ಕ್ರಿಶ್ಚಿಯನ್ ವಿಲ್ಕಿನ್ಸ್ ಎಂಬ ಮುನ್ನೂರು ಪೌಂಡಿನ ಭಾರೀ ಆಸಾಮಿಗೆ. ವೈರಿಗಳನ್ನು ಗುದ್ದಿ ಕೆಡಹುವುದು ಅವನ ನಿತ್ಯದ ಉದ್ಯೋಗ; ಚೆಂಡು ಹಿಡಿಯುವುದಲ್ಲ. ಆದರೆ ಅವನ ಅಂಗಿಯ ಮೇಲಿನ ಅಂಕಿ 42. ಹಕ್ಕು ಅಲ್ಲಿ ಬರೆದೇ ಇತ್ತು. ಓಕ್ಲಹಾಮದವರು ಮೈಯನ್ನು ನೋಡಿದರು, ಅಂಕಿಯನ್ನು ನೋಡಲಿಲ್ಲ. 31 ಗಜ ದಕ್ಕಿತು. ಕ್ಲೆಮ್ಸನ್ 37-17ರಿಂದ ಗೆದ್ದಿತು.

ಇಷ್ಟು ಕೇಳಿದ ಮೇಲೆ, ಸದಾ ಸಂಶಯದಿಂದಿದ್ದರಾಯಿತು ಎನ್ನುವವರುಂಟು. ಸಂಶಯಕ್ಕೂ ಬೆಲೆ ತೆರಬೇಕು. ಮೋಸದ ಭಯವಿದ್ದಾಗ ಕೋಚುಗಳು ಚೆಂಡು ಮರಳಿ ತರುವ ಚುರುಕು ಹುಡುಗರನ್ನು ಇಳಿಸದೆ, ಮೂರು ಸರದಿ ಕಾದು ದಣಿದವರನ್ನೇ ಕಣದಲ್ಲಿ ಉಳಿಸಿಕೊಳ್ಳುವುದುಂಟು. ಆಗ ಒದೆತವನ್ನು ತಡೆಯುವ ಆಸೆ ಬಿಡಬೇಕು. ದೂರದಲ್ಲಿ ಚೆಂಡು ಹಿಡಿದವನಿಗೆ ದಾರಿ ಬಿಡಿಸುವವರೂ ಇರುವುದಿಲ್ಲ. ಎದುರಾಳಿ ಮೋಸವನ್ನೇ ಮಾಡದೆ ಲಾಭ ಪಡೆದಂತಾಯಿತು. ವರುಷಕ್ಕೊಮ್ಮೆ ಹುಸಿ ಪಂಟ್ ಆಡಿದ ಪಕ್ಷವು ಉಳಿದ ಪಂದ್ಯಗಳಲ್ಲೆಲ್ಲ ಅದರ ಬಡ್ಡಿಯನ್ನು ತಿನ್ನುತ್ತಿರುತ್ತದೆ. ಅತ್ತ ನುಗ್ಗಿದವನು ಒದೆಯುವವನಿಗೆ ಬಲವಾಗಿ ಡಿಕ್ಕಿ ಹೊಡೆದರೆ ಹದಿನೈದು ಗಜದ ದಂಡವೂ, ವೈರಿಗೆ ಹೊಸದಾಗಿ ನಾಲ್ಕು ಸರದಿಗಳೂ ಪ್ರಾಪ್ತಿ. ನುಗ್ಗಿದರೂ ಕಷ್ಟ, ನಿಂತರೂ ನಷ್ಟ. ಯಾವಾಗ ನುಗ್ಗಬೇಕು, ಯಾವಾಗ ನಿಲ್ಲಬೇಕು ಎಂಬ ಅಳತೆಯಲ್ಲಿಯೇ ಕೋಚಿನ ವಿವೇಕವಿರುವುದು. ಎದುರಾಳಿಗೆ ಇನ್ನು ಒಂದೆರಡು ಗಜ ಮಾತ್ರ ಬೇಕಾಗಿದ್ದಾಗ ನಿಲ್ಲುವವನು ಬುದ್ಧಿವಂತ. ಹದಿನೆಂಟು ಗಜ ಬೇಕಾಗಿದ್ದಾಗಲೂ ಹೆದರಿ ನಿಲ್ಲುವವನನ್ನು ಹಾಗೆನ್ನಲಾಗದು.

ಕಾವಲಿನ ಅತ್ಯಂತ ಸೋಜಿಗದ ನಿದರ್ಶನ 2022ರ ಡಿಸೆಂಬರ್ 31ರಂದು ಅಟ್ಲಾಂಟಾದಲ್ಲಿ ನಡೆದುದು. ಕೊನೆಯ ಕಾಲುಭಾಗದಲ್ಲಿ ಓಹಾಯೋ ಸ್ಟೇಟ್ 38-27ರಿಂದ ಜಾರ್ಜಿಯಾಕ್ಕಿಂತ ಮುಂದಿತ್ತು. ನಾಲ್ಕನೆಯ ಸರದಿ, ಬೇಕಾದುದು ಒಂದೇ ಗಜ. ಪಂಟಿಗೆ ನಿಂತವರಂತೆ ನಿಂತು, ಚೆಂಡನ್ನು ತಮ್ಮ ಗೋಡೆಯವನೊಬ್ಬನ ಕೈಗೆ ನೇರವಾಗಿ ಕೊಟ್ಟರು. ಅವನು ನುಗ್ಗಿ ಬೇಕಾದಷ್ಟು ಮುಂದೆ ಹೋದ. ಮೋಸ ಫಲಿಸಿತ್ತು. ಆದರೆ ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್ ಚೆಂಡು ಚಲಿಸುವುದಕ್ಕೆ ಕಣ್ಣುಮಿಟುಕಿನಷ್ಟು ಮೊದಲು ಆಟವನ್ನು ನಿಲ್ಲಿಸುವ ಬಿಡುವನ್ನು ಬೇಡಿಬಿಟ್ಟಿದ್ದರು! ಆ ಓಟವು ಲೆಕ್ಕಕ್ಕೆ ಬರಲಿಲ್ಲ. ಗುಟ್ಟು ಬಯಲಾದ ಮೇಲೆ ಓಹಾಯೋದವರು ನಿಜವಾಗಿಯೇ ಒದೆದರು. ಮುಂದಿನ ಸರದಿಯಲ್ಲಿಯೇ ಜಾರ್ಜಿಯಾ 76 ಗಜದ ಒಂದೇ ಎಸೆತದಲ್ಲಿ ಗೆರೆ ದಾಟಿತು. ಪಂದ್ಯ ಮುಗಿದಾಗ ಜಾರ್ಜಿಯಾ 42, ಓಹಾಯೋ 41. ಅಂಕಿ-ಅಂಶಗಳ ಪಟ್ಟಿಯಲ್ಲಿ ಆ ಹುಸಿ ಪಂಟಿನ ಸುಳಿವಿಲ್ಲ. ಒಂದು ಬಿಡುವು ಖರ್ಚಾಯಿತೆಂಬ ಸಾಲು ಮಾತ್ರ ಉಂಟು.

ಕೋಚಿಗಾದರೋ ಹೆಸರು ಬಂದಿತು. ಕಣದ ತುದಿಯಲ್ಲಿ ನಿಲ್ಲುವ ಹುಡುಗನಿಗೆ ಅದೂ ಇಲ್ಲ. ಹದಿನೆಂಟು ಇಪ್ಪತ್ತು ವರುಷದ ಪ್ರಾಯ. ತೊಡೆಗಳಲ್ಲಿ ಓಟ ಕುದಿಯುತ್ತಿರುತ್ತದೆ. ಒಂದು ಒದೆತವನ್ನು ತಡೆದರೆ ಊರೆಲ್ಲ ಅವನ ಮಾತೇ. ಅವನಿಗೆ ಕಲಿಸಿರುವುದು ಮಾತ್ರ ಓಡಬೇಡವೆಂದು. ಪಂದ್ಯದ ಮೇಲೆ ಪಂದ್ಯ ಎದುರಾಳಿ ಪ್ರಾಮಾಣಿಕವಾಗಿಯೇ ಒದೆಯುತ್ತಾನೆ; ಇವನು ನಿಂತದ್ದು ದಂಡವೆಂದೇ ನೋಡುವವರಿಗೆ ತೋರುವುದು. ಇವನು ನಿಂತಿರುವುದನ್ನು ಕಂಡು ಎದುರು ಪಕ್ಷದವರು ಯೋಚಿಸಿದ್ದ ಮೋಸವನ್ನು ಕೈಬಿಟ್ಟು ಒದೆದರೋ ಏನೋ, ಅದನ್ನು ಇವನಿಗೆ ಬಂದು ಹೇಳುವವರಿಲ್ಲ. ಚೆಂಡು ಮೇಲೇರುತ್ತದೆ, ಅದನ್ನೊಮ್ಮೆ ಕಣ್ಣಿಂದ ಅಳೆದು, ಆಮೇಲೆ ಅವನು ಎಲ್ಲರಿಗಿಂತ ಹಿಂದೆ ಬಿದ್ದು ಓಡತೊಡಗುತ್ತಾನೆ.