ತೆರಿಗೆ ಏರಿಸುವ ಮುನ್ನ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 1992ರಿಂದ ಒಂದು ನಿಯಮವಿದೆ. ತೆರಿಗೆ ಏರಿಸಬೇಕೆಂದರೆ ಸರ್ಕಾರ ಮತದಾರರ ಒಪ್ಪಿಗೆ ಪಡೆಯಲೇಬೇಕು. ಮತಪತ್ರದಲ್ಲಿ ಪ್ರಶ್ನೆ ಶುರುವಾಗುವುದೇ 'ರಾಜ್ಯದ ತೆರಿಗೆಯನ್ನು ವರ್ಷಕ್ಕೆ ಇಷ್ಟು ಡಾಲರ್ ಏರಿಸಬಹುದೇ' ಎಂದು. ಮೊತ್ತವನ್ನು ಮರೆಮಾಚುವಂತಿಲ್ಲ.

ಹಾಗಂತ ಜನ ಎಲ್ಲದಕ್ಕೂ ಬೇಡ ಅಂದಿಲ್ಲ. 2013ರಲ್ಲಿ ಶಾಲೆಗಳಿಗಾಗಿ ಆದಾಯ ತೆರಿಗೆ ಏರಿಸುವ ಪ್ರಸ್ತಾವವನ್ನು ತಳ್ಳಿಹಾಕಿದರು. ಆದರೆ 2020ರಲ್ಲಿ ಪುಟ್ಟ ಮಕ್ಕಳ ಶಿಶುವಿಹಾರಕ್ಕೆಂದು ತಂಬಾಕಿನ ಮೇಲಿನ ತೆರಿಗೆ ಏರಿಸಲು ಒಪ್ಪಿದರು.

ಈ ನಿಯಮದಿಂದ ಶಾಲೆ, ರಸ್ತೆಗಳಿಗೆ ದುಡ್ಡು ಸಾಲುತ್ತಿಲ್ಲ ಎಂಬ ದೂರೂ ಅಲ್ಲಿದೆ. ಅದನ್ನು ತಳ್ಳಿಹಾಕಲಾಗದು. ಆದರೂ ಎಷ್ಟು, ಯಾತಕ್ಕೆ ಎಂದು ನೇರವಾಗಿ ಕೇಳಿದರೆ ಜನ ಯೋಚಿಸಿಯೇ ಉತ್ತರಿಸುತ್ತಾರೆ. ದುಡಿದು ತೆರಿಗೆ ಕಟ್ಟುವವರನ್ನು ಮೊದಲು ಕೇಳುವುದು ಸರ್ಕಾರ ಅವರಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ.