ಓರೆ ನಿಂತ ಕವಡೆ

ಚೌಕಾಬಾರವನ್ನು ಮನೆಯಲ್ಲಿ ಆಡುವಾಗ ನಿಯಮವು ಅಜ್ಜಿಯ ಬಾಯಲ್ಲಿರುತ್ತದೆ. ಆಕೆ ಹೇಳಿದ್ದೇ ಅಂತಿಮ. ಅದೇ ಆಟವನ್ನು ಶಾಲೆಯಲ್ಲಿ ಸ್ಪರ್ಧೆಯಾಗಿ ನಡೆಸಹೊರಟರೆ, ಎಷ್ಟು ಮನೆಗಳೋ ಅಷ್ಟು ನಿಯಮಗಳು ಎಂಬುದು ತಿಳಿಯುತ್ತದೆ. ನಮ್ಮ ಹೊಸೂರು ಸೀಮೆಯಲ್ಲಂತೂ ಈ ತೊಡಕು ಒಂದು ಕೈ ಹೆಚ್ಚು. ಇದನ್ನು ಹೋಲುವ ಆಟವನ್ನೇ ತೆಲುಗು ಮನೆಗಳಲ್ಲಿ ಅಷ್ಟಾಚಮ್ಮಾ ಎಂದೂ ತಮಿಳು ಮನೆಗಳಲ್ಲಿ ದಾಯಂ ಎಂದೂ ಆಡುತ್ತಾರೆ. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಪಕ್ಕದ ಮನೆಯಲ್ಲಿ ಅಂತಹ ಕಟ್ಟುಪಾಡೇ ಇಲ್ಲ.

ಕಳೆದ ವರ್ಷ ನಮ್ಮ ಕಡೆಯ ಶಾಲೆಯೊಂದರಲ್ಲಿ ಅಂತಿಮ ಪಂದ್ಯವನ್ನು ನೋಡಲು ಹೋಗಿದ್ದೆ. ಬಾಲಕಿಯೊಬ್ಬಳ ಕೊನೆಯ ಕಾಯಿ ಹಣ್ಣಾಗಲು ಎಂಟು ಬೇಕಿತ್ತು. ಕವಡೆ ಹಾಕಿದಳು. ಮೂರು ಬೋರಲಾಗಿ ಬಿದ್ದವು; ನಾಲ್ಕನೆಯದು ಮಣೆಯ ಅಂಚಿಗೆ ಒರಗಿ ಓರೆಯಾಗಿ ನಿಂತಿತು. ಅದನ್ನು ಬೋರಲೆಂದು ಎಣಿಸಿದರೆ ಎಂಟು, ಆಕೆಗೆ ಗೆಲುವು. ಅಂಗಾತವೆಂದರೆ ಬರಿಯ ಒಂದು. ಗದ್ದಲವೆದ್ದಿತು. ಹಿರಿಯರೊಬ್ಬರು ಸದುದ್ದೇಶದಿಂದಲೇ, "ನೋಡಿದವರೆಲ್ಲ ಕೈ ಎತ್ತಿ, ಹೆಚ್ಚು ಮಂದಿ ಏನೆನ್ನುತ್ತಾರೋ ಹಾಗಾಗಲಿ" ಎಂದರು. ನೆರೆದವರಲ್ಲಿ ಬಹುಪಾಲು ಎದುರಾಳಿ ಹುಡುಗನ ಬೀದಿಯವರು! ಎಣಿಕೆಯಲ್ಲಿ ಕಡಿಮೆಯಿರುವವರಿಗೆ ಇಂತಹ ತೀರ್ಪಿನ ರುಚಿ ಹೇಗಿರುತ್ತದೆಂಬುದನ್ನು ಗಡಿಯಾಚೆ ಕನ್ನಡ ಓದುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ತೀರ್ಪುಗಾರರು ಕೈ ಎತ್ತಿಸಲಿಲ್ಲ. ನಾಲ್ಕೂ ಕವಡೆಗಳನ್ನು ಮತ್ತೆ ಹಾಕಿಸಿದರು. ಎರಡು ಬಿತ್ತು. ಆಕೆ ಸೋತಳು. ಅಳಲಿಲ್ಲ. ಆಕೆಯ ತಾಯಿ ಮಾತ್ರ, "ಇದನ್ನು ಆಟಕ್ಕೆ ಮೊದಲೇ ಹೇಳಬಾರದಿತ್ತೇ ಸಾರ್?" ಎಂದು ಕೇಳಿದರು. ತೀರ್ಪು ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ. ಆದರೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಕವಡೆ ಬಿದ್ದ ಮೇಲೆ ಹುಟ್ಟಿದ ನಿಯಮವು ಎಷ್ಟೇ ಒಳ್ಳೆಯದಿರಲಿ, ಸೋತವರ ಕಣ್ಣಿಗೆ ಅದು ಗೆದ್ದವರ ನಿಯಮವೇ.

ನಮ್ಮ ಪಗಡೆಯನ್ನು ನೆನಪಿಸುವ ಬ್ಯಾಕ್‌ಗ್ಯಾಮನ್ ಎಂಬ ಆಟವೊಂದಿದೆ: ಇಬ್ಬರು ಆಟಗಾರರು, ತಲಾ 15 ಕಾಯಿ, 24 ಮನೆ, ಎರಡು ದಾಳ. ಅದರ ಪಂದ್ಯಾವಳಿಗಳಲ್ಲಿ ಈ ಓರೆ ದಾಳದ ಪ್ರಶ್ನೆಗೆ ಉತ್ತರವು ಮೊದಲೇ ಬರೆದಿಟ್ಟಿರುತ್ತದೆ. ಒಂದು ದಾಳ ಓರೆಯಾದರೂ ಹಲಗೆಯಿಂದ ಹೊರಬಿದ್ದರೂ ಎರಡನ್ನೂ ಮತ್ತೆ ಹಾಕಬೇಕು. ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ವಿಚಾರಣೆಯೇ ಇಲ್ಲ. ವಿವಾದವೆದ್ದರೆ ದಾಳವನ್ನಾಗಲಿ ಕಾಯನ್ನಾಗಲಿ ಮುಟ್ಟದೆ, ಇದ್ದದ್ದು ಇದ್ದಂತೆಯೇ ಬಿಟ್ಟು ನಿರ್ದೇಶಕರನ್ನು ಕರೆಯಬೇಕು. ನಮ್ಮಲ್ಲಿ ಜಗಳದ ಮೊದಲ ಹೆಜ್ಜೆಯೇ ಕವಡೆಯನ್ನು ಬಾಚಿಕೊಳ್ಳುವುದು, ಸಾಕ್ಷ್ಯವೇ ಮಾಯ! ನೋಡುವವರು ಆಟದ ನಡುವೆ ಬಾಯಿ ಹಾಕುವಂತಿಲ್ಲ ಎಂಬುದು ಅಲ್ಲಿಯ ಇನ್ನೊಂದು ನಿಯಮ. ಇದನ್ನು ನಮ್ಮ ಚಾವಡಿಗಳಲ್ಲಿ ಜಾರಿಗೆ ತರುವ ಧೀರರು ಇನ್ನೂ ಹುಟ್ಟಬೇಕಷ್ಟೆ.

ಈ ವರ್ಷ ಶಾಲೆಯವರು ಮಕ್ಕಳನ್ನೇ ಕೂರಿಸಿಕೊಂಡು ನಿಯಮಗಳನ್ನು ಬರೆಸುತ್ತಿದ್ದಾರೆ. ಪ್ರತಿ ಮಗುವೂ ತನ್ನ ಮನೆಯ ಪದ್ಧತಿಯನ್ನು ಹೇಳಬೇಕು. ಅದರಿಂದ ತನಗೆ ಲಾಭವೋ ನಷ್ಟವೋ ಆಗ ಅದಕ್ಕೇ ತಿಳಿದಿರುವುದಿಲ್ಲ. ಓರೆ ಕವಡೆಯ ನಿಯಮಕ್ಕೆ ಒಂದೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತಂತೆ. ಅದನ್ನು ತನ್ನ ದುಂಡಗಿನ ಅಕ್ಷರದಲ್ಲಿ ಬರೆದವಳು ಕಳೆದ ವರ್ಷ ಸೋತ ಆ ಬಾಲಕಿಯೇ. ಒಳಸುತ್ತಿನ ಪ್ರವೇಶದ ಬಗ್ಗೆ ಮಾತ್ರ ಇನ್ನೂ ಒಮ್ಮತವಾಗಿಲ್ಲ. ಸ್ಪರ್ಧೆಗೆ ಇನ್ನು ಮೂರು ವಾರಗಳಿವೆ.