ಶರವಿದ್ಯೆಯ ನೂತನ ಶಿಲ್ಪ

ಬಿಟ್ಟ ಬಾಣವೂ ಆಡಿದ ಮಾತೂ ಹಿಂದಿರುಗಲಾರವೆಂಬುದು ಹಿರಿಯರ ನುಡಿ. ಆದರೆ ಬಿಟ್ಟ ಬಾಣವನ್ನು ಹಿಂದಕ್ಕೆ ಕರೆದು, ಅದರ ವೇಗವನ್ನು ತಿದ್ದಿ, ಮತ್ತೆ ನೂರು ಬಾರಿ ಬಿಡುವ ಶಿಲ್ಪವೊಂದು ಈ ಕಾಲದಲ್ಲಿ ತಲೆಯೆತ್ತಿದೆ. ಅದು ವಿಡಿಯೋ ಆಟಗಳಲ್ಲಿ ಬಾಣ, ಗುಂಡು, ಅಗ್ನಿಗೋಳಗಳನ್ನು ರೂಪಿಸಿ ಚಲಿಸುವಂತೆ ಮಾಡುವ ವಿದ್ಯೆ. 1962ರಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ತರುಣರು ರಚಿಸಿದ ‘ಸ್ಪೇಸ್‌ವಾರ್’ ಆಟದಲ್ಲಿ ನೌಕೆಗಳು ಎಸೆದ ಅಸ್ತ್ರಗಳು ಬರಿಯ ಬೆಳಕಿನ ಚುಕ್ಕೆಗಳಾಗಿದ್ದುವು. ಇಂದು ಅದೇ ಚುಕ್ಕೆಗೆ ಜ್ವಾಲೆ, ಧೂಮ, ನಾದಗಳು ಕೂಡಿಕೊಂಡಿವೆ.

ಉರಿಗಾಮಿನ ಗಣಿಕಾರ್ಮಿಕ ಮನೆತನದ ತರುಣನೊಬ್ಬನು ಈ ವಿದ್ಯೆಯನ್ನು ಜೀವನೋಪಾಯವಾಗಿ ಕೈಕೊಂಡನು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ತರುವಾಯ ಆ ಸೀಮೆಯ ಬಹುಮಂದಿ ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವವರಾದರು, ಈತನೂ ಅವರಲ್ಲೊಬ್ಬನು.

ಈ ಶಿಲ್ಪದಲ್ಲಿ ಸಂಧಾನ, ಗಮನ, ಪತನವೆಂಬ ಮೂರು ಘಟ್ಟಗಳುಂಟು. ಬಿಲ್ಲು ಬಾಗುವ ಕ್ಷಣವನ್ನು ತೋರಿಸದಿದ್ದರೆ ಬಾಣಕ್ಕೆ ಬಲವೇ ಕಾಣದು. ಹಾರುವಾಗ ಗುರುತ್ವಾಕರ್ಷಣೆಯಿಂದ ಪಥವು ಬಾಗಬೇಕು. ಪಥ ಬಾಗಿದಂತೆ ಬಾಣದ ಮೊನೆಯೂ ತಿರುಗಬೇಕು. ಇಲ್ಲವಾದರೆ ಅದು ಎಸೆದ ಕೋಲಿನಂತೆ ತೋರುವುದು. ಪತನದಲ್ಲಿಯೇ ಹೆಚ್ಚಿನ ತೊಡಕು. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡುವುವೆನ್ನೋಣ. ಸೆಕೆಂಡಿಗೆ 300 ಮೀಟರು ಧಾವಿಸುವ ಗುಂಡು ಒಂದು ಚಿತ್ರದಿಂದ ಮುಂದಿನದಕ್ಕೆ 5 ಮೀಟರು ನೆಗೆದಿರುತ್ತದೆ. ನಡುವೆ ಗೇಣುದ್ದ ದಪ್ಪದ ಗೋಡೆಯಿದ್ದರೆ, ಗಣಕಯಂತ್ರವು ಅದನ್ನು ಕಾಣದೆಯೇ ಗುಂಡನ್ನು ಆಚೆಗೆ ದಾಟಿಸಿಬಿಡುವುದು! ಆದಕಾರಣ ಹಿಂದಿನ ನೆಲೆಗೂ ಈಗಿನ ನೆಲೆಗೂ ರೇಖೆಯೆಳೆದು, ನಡುವೆ ಏನಿದೆಯೆಂದು ಪರೀಕ್ಷಿಸುವುದು ವಾಡಿಕೆ.

ತರುಣನಿಗೆ ಈ ಲೆಕ್ಕವೆಲ್ಲ ಕರಗತವಾಗಿತ್ತು. ಆದರೆ ನಿವೃತ್ತ ಗಣಿಕಾರ್ಮಿಕರಾದ ಅವನ ತಂದೆಗೆ ಮಗನ ವೃತ್ತಿಯ ವಿಷಯದಲ್ಲಿ ಸಮಾಧಾನವಿರಲಿಲ್ಲ. ಭೂಗರ್ಭದಲ್ಲಿ ಬಂಡೆ ಸಿಡಿದು ಜೊತೆಗಾರರು ಮಡಿದುದನ್ನು ಕಂಡವರಿಗೆ ಸಿಡಿತವು ವಿನೋದದ ವಸ್ತುವಾಗುವುದೆಂತು? ಒಂದು ದಿನ ಮಗನು ಒತ್ತಾಯಪಡಿಸಲಾಗಿ ಅವರು ಒಂದು ಸ್ಫೋಟದ ದೃಶ್ಯವನ್ನು ನೋಡಿದರು. ಜ್ವಾಲೆ ಭುಗಿಲೆದ್ದಿತು, ಮರುಕ್ಷಣದಲ್ಲಿ ಎಲ್ಲವೂ ನಿರ್ಮಲವಾಯಿತು.

“ಹೊಗೆ ಇಷ್ಟು ಬೇಗ ಎಲ್ಲಿಗೆ ಹೋಯಿತಪ್ಪಾ?” ಎಂದು ಅವರು ಕೇಳಿದರು.

ಹೊಗೆಯ ಕಣಗಳು ಹೆಚ್ಚು ಹೊತ್ತು ಉಳಿದರೆ ಯಂತ್ರಕ್ಕೆ ಭಾರವಾಗುವುದೆಂದು ಮಗನು ವಿವರಿಸಿದನು. ತಂದೆ ನಕ್ಕು, ಗಣಿಯ ರೀತಿಯನ್ನು ಹೇಳಿದರು. ಮದ್ದು ಸಿಡಿಸಿದಾಗ ದೂರದಲ್ಲಿ ನಿಂತು ಸದ್ದುಗಳನ್ನು ಎಣಿಸಬೇಕು. ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಯಾವುದೋ ಕುಳಿಯಲ್ಲಿ ಮದ್ದು ಸಿಡಿಯದೆ ಉಳಿದಿದೆಯೆಂದು ಶಂಕಿಸಬೇಕು. ಹೊಗೆ ತೊಲಗುವ ತನಕ ಯಾರೂ ಒಳಕ್ಕೆ ಕಾಲಿಡಬಾರದು. “ಸಿಡಿಸುವುದು ಒಂದು ಗಳಿಗೆಯ ಕೆಲಸ, ಅಪ್ಪಾ, ಕಾಯುವುದೇ ನಮ್ಮ ಕೆಲಸವಾಗಿತ್ತು” ಎಂದರು.

ಈ ಮಾತು ಮಗನ ಮನಸ್ಸಿನಲ್ಲಿ ನಾಟಿತು. ಅವನು ಕಿಡಿಗಳ ಸಂಖ್ಯೆಯನ್ನು ತಗ್ಗಿಸಿ, ಯಂತ್ರಕ್ಕೆ ಭಾರವಾಗದ ಹಾಗೆ ನಾಲ್ಕಾರು ದೊಡ್ಡ ಧೂಮಪಟಲಗಳನ್ನು ಬಹಳ ಹೊತ್ತು ನಿಲ್ಲಿಸಿದನು. ಗೋಡೆಯ ಮೇಲೆ ಸುಟ್ಟ ಕಲೆಯನ್ನು ಉಳಿಸಿದನು. ಆಟಗಾರನು ಹೊಗೆಯೊಳಕ್ಕೆ ನುಗ್ಗಿದರೆ ಕಣ್ಣು ಮಸಕಾಗುವಂತೆ ಮಾಡಿದನು. ಆಟವು ಮೊದಲಿಗಿಂತ ಮಂದವಾಯಿತೆಂದು ಕೆಲವರು ಆಕ್ಷೇಪಿಸಿದರೂ ಅವನು ಪಟ್ಟು ಬಿಡಲಿಲ್ಲ. ತಂದೆ ಅದನ್ನು ನೋಡಿ ಹೊಗಳಲಿಲ್ಲ. ಸುಮ್ಮನೆ ಕುಳಿತು, ಹೊಗೆ ತಿಳಿಯಾಗುವವರೆಗೆ ಕಾದರು. ಮಗನಿಗೆ ಅಷ್ಟೇ ಸಾಕಾಗಿತ್ತು.

ಗಣಿಯ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಅಲ್ಲಿ ದುಡಿದವರ ಅರಿವು ಮಾತ್ರ ಇನ್ನೂ ಕೆಲವು ಮನೆಗಳ ಜಗಲಿಯ ಮೇಲೆ ಕುಳಿತಿದೆ. ಹೊಸ ವಿದ್ಯೆಯನ್ನು ಕಲಿಯುವ ಮಕ್ಕಳು ಆ ಜಗಲಿಯನ್ನು ದಾಟಿ ಹೋಗುವ ಮುನ್ನ ಒಂದು ಗಳಿಗೆ ಕುಳಿತು ಕೇಳುವುದು ಲೇಸು. ಬಾಣವನ್ನು ಬಿಡಲು ಯಂತ್ರವು ಕಲಿಸೀತು. ಬಿಟ್ಟ ಮೇಲೆ ಉಳಿಯುವುದೇನೆಂಬುದನ್ನು ಬಲ್ಲವರಿಂದಲೇ ಅರಿಯಬೇಕು.